ವಯಸ್ಸಾದವರಿಗೆ ತಕ್ಕಂತೆ ಬಾತ್‌ರೂಮ್ ಬದಲಾಯಿಸಲು ಎಷ್ಟು ಖರ್ಚು? ಯಾವ ಕೆಲಸ ಮೊದಲು, ಯಾವುದು ಆಮೇಲೆ

"ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಬಾತ್‌ರೂಮ್ ಸರಿ ಮಾಡಿಸಬೇಕು, ಎಷ್ಟಾಗುತ್ತದೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪಾರ್ಶ್ವವಾಯು ಆದ ಅಪ್ಪ, ಸೊಂಟ ಮುರಿದ ಅಜ್ಜಿ, ವಾಕರ್ ಹಿಡಿದು ನಡೆಯುವ ಅತ್ತೆ, ಹೀಗೆ ಮನೆ ಮನೆಗೂ ಕಾರಣ ಬೇರೆ.

ಮೊದಲು ಅಂದಾಜು ಹೇಳಿಬಿಡುತ್ತೇವೆ. ಏನೂ ಒಡೆಯದೆ ಮಾಡುವ ಕೆಲಸಕ್ಕೆ ₹10,000ದಿಂದ ₹15,000. ಇಂಡಿಯನ್ ಕಮೋಡ್ ತೆಗೆದು ವೆಸ್ಟರ್ನ್ ಹಾಕಿ, ಗೋಡೆಗೆ ಆಸರೆಯ ಸರಳು (ಗ್ರ್ಯಾಬ್ ಬಾರ್) ಬಿಗಿದು, ಬಾಗಿಲನ್ನು ಹೊರಗೆ ತೆರೆಯುವಂತೆ ತಿರುಗಿಸಲು ₹35,000ದಿಂದ ₹55,000. ನೆಲ ಪೂರ್ತಿ ಒಡೆದು, ಬಾಗಿಲು ಅಗಲ ಮಾಡಿ ಹೊಸದಾಗಿ ಕಟ್ಟಲು ಒಂದು ಲಕ್ಷದಿಂದ ಒಂದೂಕಾಲು ಲಕ್ಷ. ಗೋಡೆಗೆ ತೂಗುವ ಕಮೋಡ್, ಗೋಡೆ ಟೈಲ್ಸ್ ಎಲ್ಲ ಸೇರಿದರೆ ಎರಡು ಲಕ್ಷ ದಾಟುತ್ತದೆ. ಇವು ಬೆಂಗಳೂರಿನ ಕೂಲಿ, ಮಧ್ಯಮ ದರ್ಜೆಯ ಸಾಮಾನು ಹಿಡಿದು ಹಾಕಿದ ಅಂದಾಜು. ಬೇರೆ ಊರುಗಳಲ್ಲಿ ಕೂಲಿ ಕಡಿಮೆ ಇರಬಹುದು, ಸಾಮಾನಿನ ಬೆಲೆ ಹೆಚ್ಚೇನೂ ಇಳಿಯುವುದಿಲ್ಲ.

ದುಡ್ಡು ಹೋಗುವುದು ದುಬಾರಿ ಟೈಲ್ಸಿಗಲ್ಲ, ಒಂದೇ ಕೆಲಸವನ್ನು ಎರಡು ಸಲ ಮಾಡಿಸುವುದಕ್ಕೆ. ಈ ವರ್ಷ ಕಮೋಡ್ ಬದಲಾಯಿಸಿ ನೆಲ ಮುಚ್ಚಿದವರು ಮುಂದಿನ ವರ್ಷ ಗಾಲಿಕುರ್ಚಿ ಬಂದಾಗ ಅದೇ ನೆಲವನ್ನು ಮತ್ತೆ ಒಡೆಸುತ್ತಾರೆ. ಆದ್ದರಿಂದ ಕೆಳಗಿನ ಕ್ರಮ ತಪ್ಪಿಸಬೇಡಿ.

1. ಮೊದಲು ಮನುಷ್ಯನ ಅಳತೆ, ಆಮೇಲೆ ಕೋಣೆಯ ಅಳತೆ

ಮೇಸ್ತ್ರಿಯನ್ನು ಕರೆಯುವ ಮುಂಚೆ ಟೇಪ್ ಹಿಡಿದು ಇಷ್ಟನ್ನು ಬರೆದಿಡಿ.

ಮನೆಯೊಳಗೆ ಹಾಕುವ ಚಪ್ಪಲಿಯನ್ನೇ ಹಾಕಿಸಿ ಕುರ್ಚಿಯ ಮೇಲೆ ಕೂರಿಸಿ, ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ ಅಳೆಯಿರಿ. ಕಮೋಡ್ ಎತ್ತರ ಇದಕ್ಕಿಂತ ಒಂದೆರಡು ಇಂಚು ಹೆಚ್ಚಿದ್ದರೆ ಏಳುವುದು ಸುಲಭ. ಅದಕ್ಕಿಂತ ಹೆಚ್ಚಾದರೆ ಪಾದ ನೆಲಕ್ಕೆ ಪೂರ್ತಿ ಊರುವುದಿಲ್ಲ, ಮುಂದಕ್ಕೆ ಜಾರುವ ಭಯ.

ಯಾವ ಕೈಯಲ್ಲಿ ಬಲ ಇದೆ? ಪಾರ್ಶ್ವವಾಯು ಆಗಿದ್ದರೆ ಇದೇ ಮುಖ್ಯ. ಆಸರೆ ಬಲವಿರುವ ಕೈಯ ಕಡೆಗೇ ಬರಬೇಕು.

ವಾಕರ್ ಅಥವಾ ಗಾಲಿಕುರ್ಚಿಯ ಅತಿ ಅಗಲವಾದ ಭಾಗ ಎಷ್ಟು? ಸಾಮಾನ್ಯ ಗಾಲಿಕುರ್ಚಿ 24ರಿಂದ 26 ಇಂಚು ಇರುತ್ತದೆ, ಮಡಚುವ ವಾಕರ್ ಅದಕ್ಕಿಂತ ಸ್ವಲ್ಪ ಕಡಿಮೆ. ಚಕ್ರ ತಳ್ಳುವ ಕೈಬೆರಳಿನ ಗೆಣ್ಣುಗಳಿಗೂ ಜಾಗ ಬೇಕು.

ಕೊನೆಯದು ಬಾಗಿಲು. ಚೌಕಟ್ಟನ್ನಲ್ಲ, ಬಾಗಿಲು ಪೂರ್ತಿ ತೆರೆದಾಗ ನಿಜವಾಗಿ ಸಿಗುವ ಸಂದನ್ನು ಅಳೆಯಿರಿ. 30 ಇಂಚಿನ ಚೌಕಟ್ಟಿನಲ್ಲಿ ಬಾಗಿಲ ದಪ್ಪ, ಅಂಚು ಕಳೆದು ಕೈಗೆ ಸಿಗುವುದು ಸುಮಾರು 26 ಇಂಚು ಮಾತ್ರ.

ಸಾಧ್ಯವಾದರೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಮನೆಗೇ ಕರೆಸಿ ತೋರಿಸಿ. ಒಂದು ಭೇಟಿಗೆ ₹800ರಿಂದ ₹2,000 ಆಗಬಹುದು. ಇಡೀ ಕೆಲಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಸೊಂಟದ ಶಸ್ತ್ರಚಿಕಿತ್ಸೆ ಆದವರು ತಗ್ಗಿನಲ್ಲಿ ಕೂರಬಾರದು ಎಂದು ವೈದ್ಯರು ಹೇಳಿರುತ್ತಾರೆ, ಅದನ್ನು ಮೇಸ್ತ್ರಿ ಊಹಿಸಲಾರ.

2. ಏನೂ ಒಡೆಯದೆ ಆಗುವ ಕೆಲಸ

ಬಾಡಿಗೆ ಮನೆಯವರಿಗೆ, ಆಪರೇಷನ್ ಆಗಿ ಮೂರ್ನಾಲ್ಕು ತಿಂಗಳಲ್ಲಿ ಚೇತರಿಸಿಕೊಳ್ಳುವವರಿಗೆ ಇಷ್ಟೇ ಸಾಕಾಗಬಹುದು.

ಸ್ನಾನದ ಕುರ್ಚಿ ₹1,500ರಿಂದ ₹3,500. ನಾಲ್ಕೂ ಕಾಲಿಗೆ ಅಗಲವಾದ ರಬ್ಬರ್ ಬುಡ, ಸೀಟಿನಲ್ಲಿ ನೀರು ಇಳಿಯುವ ತೂತು, ಸಾಧ್ಯವಾದರೆ ಕೈ ಇಡುವ ತೋಳು ಇರಲಿ. ಅಂಗಳದ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಸೋಪಿನ ನೀರಿನಲ್ಲಿ ಅದರ ಕಾಲು ಹರಡಿಕೊಂಡು ಮುರಿಯುತ್ತದೆ.

ನಮ್ಮಲ್ಲಿ ಹೆಚ್ಚಿನವರು ಮೀಯುವುದು ಬಕೆಟ್, ಚೊಂಬಿನಲ್ಲಿ. ಕುರ್ಚಿ ತಂದ ಮೇಲೂ ಬಕೆಟ್ ನೆಲದಲ್ಲೇ ಇದ್ದರೆ ಪ್ರತಿ ಚೊಂಬಿಗೂ ಬಗ್ಗಬೇಕು. ತಲೆಸುತ್ತಿ ಮುಂದಕ್ಕೆ ಬೀಳುವುದು ಆಗಲೇ. ಬಕೆಟ್ಟನ್ನು ಒಂದೂವರೆ ಅಡಿ ಎತ್ತರದ ಗಟ್ಟಿ ಸ್ಟ್ಯಾಂಡಿನ ಮೇಲೆ ಇಡಿ, ಇಲ್ಲವೇ ಒಂದೂವರೆ ಮೀಟರ್ ಪೈಪಿನ ಹ್ಯಾಂಡ್ ಶವರ್ ಹಾಕಿಸಿ (₹1,500ರಿಂದ ₹3,500). ಶವರ್ ಕೊಕ್ಕೆ ಕೂತವರ ಕೈಗೆ ಎಟುಕುವಲ್ಲಿ ಇರಲಿ. ಪ್ಲಂಬರ್ ಅಭ್ಯಾಸಬಲದಿಂದ ನಿಂತವರ ತಲೆಯ ಮೇಲೆ ಹಾಕಿಬಿಡುತ್ತಾನೆ.

ಕಮೋಡ್ ತಗ್ಗಾಗಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು ಸಿಗುತ್ತದೆ, 2, 4, 6 ಇಂಚಿನ ಅಳತೆಗಳಲ್ಲಿ. ₹1,200ರಿಂದ ₹3,500. ಪಕ್ಕದಲ್ಲಿ ತಿರುಪು ಬಿಗಿದು ಕಚ್ಚಿಕೊಳ್ಳುವಂಥದ್ದನ್ನೇ ಕೊಳ್ಳಿ. ಸುಮ್ಮನೆ ಮೇಲೆ ಕೂರುವ ಸೀಟು, ಒಂದು ಬದಿಗೆ ಭಾರ ಹಾಕಿ ಏಳುವಾಗ ಜಾರುತ್ತದೆ. ಇಂಡಿಯನ್ ಕಮೋಡ್ ಇದ್ದರೆ ಅದರ ಮೇಲೆ ಇಡುವ ನಾಲ್ಕು ಕಾಲಿನ ಸ್ಟೂಲು ಸಿಗುತ್ತದೆ. ಅದರ ಕಾಲುಗಳು ಕಮೋಡಿನ ನುಣುಪು ಅಂಚಿನ ಮೇಲೆ ಬರದೆ ಸಮತಟ್ಟಾದ ನೆಲದ ಮೇಲೇ ಊರಬೇಕು.

ರಬ್ಬರ್ ಮ್ಯಾಟ್ ಬಗ್ಗೆ ಒಂದು ಎಚ್ಚರಿಕೆ. ಅಡಿಯಲ್ಲಿ ಹೀರುವ ಬಟ್ಟಲುಗಳಿರುವ ಮ್ಯಾಟ್ ನುಣುಪಾದ ಟೈಲ್ಸಿಗೆ ಮಾತ್ರ ಅಂಟುತ್ತದೆ, ಒರಟು ಟೈಲ್ಸಿಗೆ ಅಂಟುವುದಿಲ್ಲ. ವಾರಕ್ಕೊಮ್ಮೆ ಎತ್ತಿ ತೊಳೆಯದಿದ್ದರೆ ಅಡಿಯಲ್ಲಿ ಲೋಳೆ ಕಟ್ಟಿ ಮ್ಯಾಟೇ ಜಾರುತ್ತದೆ.

3. ಗ್ರ್ಯಾಬ್ ಬಾರ್: ಅಗ್ಗದ ಸಾಮಾನು, ಕೆಟ್ಟರೆ ಅತಿ ದುಬಾರಿ

ಗ್ರ್ಯಾಬ್ ಬಾರ್ ಅಂದರೆ ಹಿಡಿದು ಕೂರಲು, ಏಳಲು ಗೋಡೆಗೆ ಬಿಗಿಯುವ ಸರಳು. ಟವೆಲ್ ಹಾಕುವ ಸರಳು ಇದಲ್ಲ. ಅದು ಮನುಷ್ಯನ ಭಾರಕ್ಕೆ ಮಾಡಿದ್ದಲ್ಲ, ಕೈಗೆ ಸಿಕ್ಕಿತೆಂದು ಹಿಡಿದರೆ ಕಿತ್ತು ಬರುತ್ತದೆ. ಗಾಳಿ ಹೀರಿ ಟೈಲ್ಸಿಗೆ ಅಂಟಿಕೊಳ್ಳುವ ಹ್ಯಾಂಡಲ್‌ಗಳೂ ಅಷ್ಟೆ, ಬಿಡುವ ಮುನ್ನ ಸೂಚನೆ ಕೊಡುವುದಿಲ್ಲ.

ಕೊಳ್ಳುವಾಗ: 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, 32ರಿಂದ 38 ಮಿ.ಮೀ. ದಪ್ಪ, ಗೋಡೆಗೂ ಸರಳಿಗೂ ನಡುವೆ 40ರಿಂದ 50 ಮಿ.ಮೀ. ಸಂದು. ಸಂದು ಇದಕ್ಕಿಂತ ಹೆಚ್ಚಿದ್ದರೆ ಜಾರಿದಾಗ ಮುಂಗೈ ಒಳಗೆ ಸಿಕ್ಕಿಕೊಂಡು ಮುರಿಯಬಹುದು. 202 ದರ್ಜೆಯದು ನೋಡಲು ಥೇಟ್ ಹಾಗೇ ಇರುತ್ತದೆ, ಬಚ್ಚಲಿನ ಒದ್ದೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಆಯಸ್ಕಾಂತ ಹಿಡಿದು ನೋಡಿದರೆ ಎರಡರ ವ್ಯತ್ಯಾಸ ಸರಿಯಾಗಿ ಗೊತ್ತಾಗದು, ಆದ್ದರಿಂದ ಬಿಲ್ಲಿನಲ್ಲಿ "304" ಎಂದು ಬರೆಸಿಕೊಳ್ಳಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ 316 ದರ್ಜೆ ಇನ್ನೂ ಒಳ್ಳೆಯದು. ಒಂದೂವರೆಯಿಂದ ಎರಡು ಅಡಿಯ ಸರಳಿಗೆ ₹800ರಿಂದ ₹2,500, ಮೇಲಕ್ಕೆ ಮಡಚುವಂಥದ್ದಕ್ಕೆ ₹2,500ರಿಂದ ₹6,000.

ಎಲ್ಲಿ ಹಾಕಬೇಕು: ಕಮೋಡಿನ ಪಕ್ಕದ ಗೋಡೆಗೆ ಒಂದು ಅಡ್ಡ ಸರಳು, ಸೀಟಿಗಿಂತ 20ರಿಂದ 25 ಸೆಂ.ಮೀ. ಮೇಲೆ. ಇದು ಕೆಳಗೆ ಒತ್ತಿ ಏಳಲು. ಕಮೋಡಿನ ಮುಂದಿನ ಅಂಚಿಗಿಂತ ಸುಮಾರು ಒಂದು ಅಡಿ ಮುಂದೆ, ಮೇಲಿಂದ ಕೆಳಕ್ಕೆ ನೆಟ್ಟಗೆ ಒಂದು ಸರಳು. ಇದು ಎಳೆದುಕೊಂಡು ನಿಲ್ಲಲು. ಅಮೆರಿಕದ ಮಾನದಂಡದ ಪ್ರಕಾರ ಅಡ್ಡ ಸರಳು ನೆಲದಿಂದ 33ರಿಂದ 36 ಇಂಚು ಮೇಲಿರಬೇಕು. ಐದಡಿಯ ನಮ್ಮ ಅಜ್ಜಿಯರಿಗೆ ಅದು ಭುಜದ ಹತ್ತಿರ ಬರುತ್ತದೆ, ಒತ್ತಲು ಬಲ ಸಿಗುವುದಿಲ್ಲ. ಕೂರಿಸಿ, ಮೊಣಕೈ ಸ್ವಲ್ಪ ಮಡಚಿ ಅಂಗೈ ಊರಿಸಿ, ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಕಮೋಡಿನ ನಡುಗೆರೆಯಿಂದ ಗೋಡೆ 18 ಇಂಚಿಗಿಂತ ದೂರವಿದ್ದರೆ ಗೋಡೆಯ ಸರಳು ಕೈಗೆ ಎಟುಕದು. ಅಲ್ಲಿ ಮಡಚುವ ಬಾರನ್ನೇ ಹಿಂಬದಿ ಗೋಡೆಗೆ ಹಾಕಬೇಕು.

ಹೆಚ್ಚಿನವರು ಎಡವುವುದು ತಿರುಪಿನ ಉದ್ದದಲ್ಲಿ. ಡಬ್ಬಿಯ ಜೊತೆ ಬರುವ ತಿರುಪು ಸಾಮಾನ್ಯವಾಗಿ 35ರಿಂದ 40 ಮಿ.ಮೀ. ಈಗ ಲೆಕ್ಕ ಹಾಕಿ: ಟೈಲ್ಸ್ 8 ಮಿ.ಮೀ., ಅದರ ಹಿಂದಿನ ಸಿಮೆಂಟ್ 12ರಿಂದ 15, ಗಾರೆ 12ರಿಂದ 15. ಒಟ್ಟು 32ರಿಂದ 38 ಮಿ.ಮೀ. ಅಂದರೆ ತಿರುಪು ಇಟ್ಟಿಗೆಯನ್ನು ಮುಟ್ಟುವುದೇ ಇಲ್ಲ, ಮುಟ್ಟಿದರೂ ತುದಿ ಮಾತ್ರ. ಕನಿಷ್ಠ 80 ಮಿ.ಮೀ. ಉದ್ದ, 8 ಮಿ.ಮೀ. ದಪ್ಪದ ತಿರುಪು, ಅದಕ್ಕೆ ಹೊಂದುವ ನೈಲಾನ್ ಪ್ಲಗ್ ಬೇರೆಯಾಗಿ ತರಿಸಿ. ನೂರಿನ್ನೂರು ರೂಪಾಯಿ ಹೆಚ್ಚಾಗುತ್ತದೆ, ಅಷ್ಟೆ.

ಗೋಡೆ ಯಾವುದರದು ಎಂಬುದೂ ಮುಖ್ಯ. ಸುಟ್ಟ ಇಟ್ಟಿಗೆ, ಗಟ್ಟಿ ಸಿಮೆಂಟ್ ಬ್ಲಾಕ್ ಆದರೆ ತೊಂದರೆಯಿಲ್ಲ. ಟೊಳ್ಳು ಬ್ಲಾಕ್ ಅಥವಾ ಹೊಸ ಅಪಾರ್ಟ್‌ಮೆಂಟ್‌ಗಳ ಹಗುರ ಎಎಸಿ ಬ್ಲಾಕ್‌ನಲ್ಲಿ ಮಾಮೂಲಿ ಪ್ಲಗ್ ಹಿಡಿಯುವುದಿಲ್ಲ. ಅದಕ್ಕೆ ರಾಸಾಯನಿಕ ಆ್ಯಂಕರ್ ಬೇಕು. ಅಂದರೆ ತೂತಿನೊಳಗೆ ಅಂಟು ತುಂಬಿ, ಟೊಳ್ಳಿದ್ದರೆ ಜಾಲರಿ ಕೊಳವೆ ಸೇರಿಸಿ, ಬೋಲ್ಟ್ ಕೂರಿಸುವ ವಿಧಾನ. ನಾಲ್ಕಿಂಚಿನ ಗೋಡೆಯಾದರೆ ಆಚೆ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಆರಪಾರ ಬೋಲ್ಟ್ ಹಾಕುವುದೇ ಭದ್ರ. ಡ್ರಿಲ್ ಮಾಡುವಾಗ ಟೈಲ್ಸ್ ದಾಟುವವರೆಗೆ ಹ್ಯಾಮರ್ ಗುಂಡಿ ಆಫ್ ಇರಲಿ, ಇಲ್ಲದಿದ್ದರೆ ಟೈಲ್ಸ್ ಸೀಳುತ್ತದೆ. ನಲ್ಲಿಯ ನೇರಕ್ಕೆ ಮೇಲೆ, ಕೆಳಗೆ ತೂತು ಹಾಕಬೇಡಿ, ಒಳಗೆ ಪೈಪ್ ಇರುತ್ತದೆ. ತೂತಿನ ಬಾಯಿಗೆ ಸಿಲಿಕೋನ್ ತುಂಬಿಸಿ.

ಮುಗಿದ ಮೇಲೆ ಮನೆಯ ಅತಿ ಭಾರದ ಮನುಷ್ಯ ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಪೂರ್ತಿ ಭಾರ ಬಿಟ್ಟು ನೋಡಬೇಕು. ಆ್ಯಂಕರ್ ಅಂಟು ಹಾಕಿದ್ದರೆ ಒಂದು ದಿನ ಬಿಟ್ಟು ನೋಡಿ. ಒಂದು ಕೂದಲೆಳೆ ಅಲ್ಲಾಡಿದರೂ ಬಿಚ್ಚಿ ಮತ್ತೆ ಹಾಕಿಸಿ.

4. ಇಂಡಿಯನ್‌ನಿಂದ ವೆಸ್ಟರ್ನ್‌ಗೆ

ಖರ್ಚು ₹22,000ದಿಂದ ₹35,000. ಇದರಲ್ಲಿ ಕಮೋಡ್, ಫ್ಲಶ್ ಟ್ಯಾಂಕ್ ಸೇರಿ ₹7,000ದಿಂದ ₹14,000. ಉಳಿದದ್ದು ಒಡೆಯುವುದು, ಪೈಪು, ತೇಪೆ ಟೈಲ್ಸ್, ಕೂಲಿ.

ಒಂದು ತಾಂತ್ರಿಕ ಸಂಗತಿ ತಿಳಿದಿರಲಿ. ಕೊಳವೆಯ ನಾತ ಮೇಲೆ ಬರದಂತೆ ನೀರು ತಡೆದು ನಿಲ್ಲಿಸುವ ಬಾಗಿದ ಭಾಗಕ್ಕೆ ಟ್ರ್ಯಾಪ್ ಅನ್ನುತ್ತಾರೆ. ಇಂಡಿಯನ್ ಕಮೋಡಿನಲ್ಲಿ ಅದು ನೆಲದಡಿ ಬೇರೆಯಾಗಿ ಇರುತ್ತದೆ, ವೆಸ್ಟರ್ನ್‌ನಲ್ಲಿ ಕಮೋಡಿನ ಒಳಗೇ ಇರುತ್ತದೆ. ಕೆಲವರು ಹಳೆಯ ಟ್ರ್ಯಾಪ್ ತೆಗೆಯದೆ ಅದರ ಮೇಲೇ ಹೊಸ ಕಮೋಡ್ ಕೂರಿಸಿ ಒಂದು ದಿನದಲ್ಲಿ ಕೆಲಸ ಮುಗಿಸುತ್ತಾರೆ. ಎರಡು ಟ್ರ್ಯಾಪಿನ ನಡುವೆ ಗಾಳಿ ಸಿಕ್ಕಿಕೊಂಡು ಫ್ಲಶ್ ಸರಿಯಾಗಿ ಎಳೆಯುವುದಿಲ್ಲ, ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತದೆ. ಹಳೆಯ ಟ್ರ್ಯಾಪ್ ಹೊರಬಂದದ್ದನ್ನು ಕಣ್ಣಾರೆ ನೋಡಿ.

ಕಮೋಡ್ ಕೊಳ್ಳುವ ಮುಂಚೆ ಪೈಪಿನ ಬಾಯಿ ಗೋಡೆಯಿಂದ ಎಷ್ಟು ಇಂಚು ಎಂದು ಪ್ಲಂಬರ್‌ನಿಂದ ಅಳೆಸಿ. ನೆಲಕ್ಕೆ ಬಿಡುವ ಎಸ್ ಟ್ರ್ಯಾಪ್ ಕಮೋಡ್‌ಗಳು 9 ಇಂಚು, 12 ಇಂಚು ಹೀಗೆ ಅಳತೆಗೆ ತಕ್ಕಂತೆ ಬರುತ್ತವೆ. ಗೋಡೆಗೆ ಬಿಡುವ ಪಿ ಟ್ರ್ಯಾಪ್ ಬೇರೆ. ತಪ್ಪಿ ತಂದರೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಅಪರೂಪ.

ಸೀಟು ಸೇರಿ 43ರಿಂದ 48 ಸೆಂ.ಮೀ. ಎತ್ತರ ಸಾಮಾನ್ಯವಾಗಿ ಅನುಕೂಲ. ಮಾಮೂಲಿ ಕಮೋಡ್ 39ರಿಂದ 40 ಸೆಂ.ಮೀ. ಇರುತ್ತದೆ. ಅಡಿಗೆ ಎರಡಿಂಚಿನ ಕಾಂಕ್ರೀಟ್ ಅಥವಾ ಗ್ರಾನೈಟ್ ಪೀಠ ಕೊಟ್ಟರೆ ದುಬಾರಿ ಕಮೋಡ್ ಕೊಳ್ಳಬೇಕಿಲ್ಲ. ಪೀಠ ಕಮೋಡಿನ ಬುಡದ ಆಕಾರಕ್ಕೇ ಇರಲಿ, ಮುಂದೆ ಚಾಚಿದರೆ ಕಾಲು ತಾಗುತ್ತದೆ.

ಆದರೆ ಎತ್ತರ ಮಾಡುವ ಮುಂಚೆ ಮುಂದಿನ ದಿನಗಳನ್ನು ಯೋಚಿಸಿ. ಐದಡಿ-ಏಳಡಿಯ ಬಾತ್‌ರೂಮಿನಲ್ಲಿ ಗಾಲಿಕುರ್ಚಿ ತಿರುಗದು, ಅದಕ್ಕೆ ಸುಮಾರು ಐದಡಿ ಅಗಲದ ಖಾಲಿ ವೃತ್ತ ಬೇಕು. ಅಂಥ ಮನೆಗಳಲ್ಲಿ ನಡೆಯುವ ಉಪಾಯ ಎಂದರೆ ಸೀಟಿನಲ್ಲಿ ತೂತಿರುವ ಚಕ್ರದ ಕುರ್ಚಿ (₹5,000ದಿಂದ ₹9,000). ಹಾಸಿಗೆಯಿಂದ ಅದಕ್ಕೆ ಕೂರಿಸಿ, ಹಿಮ್ಮುಖವಾಗಿ ತಳ್ಳಿ ಕಮೋಡಿನ ಮೇಲೆಯೇ ನಿಲ್ಲಿಸಬಹುದು, ಎತ್ತಿ ಕೂರಿಸುವ ಕಷ್ಟವಿಲ್ಲ. ಕಮೋಡ್ ಆ ಕುರ್ಚಿಯ ಚೌಕಟ್ಟಿಗಿಂತ ತಗ್ಗಿರಬೇಕು. ಪೀಠ ಕಟ್ಟಿ ಎತ್ತರಿಸಿದ್ದರೆ ಕುರ್ಚಿ ಒಳಗೆ ಹೋಗದು. ಈ ಕುರ್ಚಿ ಬೇಕಾಗುವ ಸಾಧ್ಯತೆ ಇದ್ದರೆ ಕಮೋಡ್ ಮಾಮೂಲಿ ಎತ್ತರದಲ್ಲೇ ಇರಲಿ, ಸದ್ಯಕ್ಕೆ ಎತ್ತರದ ಸೀಟು ಬಳಸಿ.

5. ಬಾಗಿಲು ಮತ್ತು ಹೊಸ್ತಿಲು

ಬಾತ್‌ರೂಮ್ ಬಾಗಿಲು ಒಳಗೆ ತೆರೆಯುವಂತಿದ್ದರೆ ಇವತ್ತೇ ಯೋಚಿಸಿ. ಒಳಗಿದ್ದವರು ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡ, ಹೊರಗಿನವರು ತಳ್ಳಲಾರರು. ಬಡಗಿಯಿಂದ ಹೊರಗೆ ತೆರೆಯುವಂತೆ ಮಾಡಿಸಲು ₹1,500ರಿಂದ ₹3,000. ಒಳಗಿನ ಚಿಲಕ ತೆಗೆದು, ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಲಾಕ್ ಹಾಕಿಸಿ.

ಅಗಲ ಮಾಡುವುದಾದರೆ 32 ಇಂಚಾದರೂ ಖಾಲಿ ಸಂದು ಸಿಗಲಿ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ 90 ಸೆಂ.ಮೀ. ಕೇಳುತ್ತದೆ, ಅದು ಮುಖ್ಯವಾಗಿ ಸಾರ್ವಜನಿಕ ಕಟ್ಟಡಗಳ ಅಳತೆ. ಬಾಗಿಲಿನ ಮೇಲಿನ ಗೋಡೆಯ ಭಾರ ಹೊರುವ ಅಡ್ಡ ತೊಲೆ, ಅಂದರೆ ಲಿಂಟಲ್, ಎರಡೂ ಕಡೆ ಆರಿಂಚಾದರೂ ಗೋಡೆಯ ಮೇಲೆ ಕೂರಬೇಕು. ಅಗಲ ಮಾಡಿದಾಗ ಆ ಆಸರೆ ಹೋಗುತ್ತದೆ, ಹೊಸ ಲಿಂಟಲ್ ಹಾಕಲೇಬೇಕು. ಕಂಬವಿಲ್ಲದೆ ಗೋಡೆಯ ಮೇಲೇ ಭಾರ ನಿಂತಿರುವ ಹಳೆಯ ಮನೆಗಳಲ್ಲಿ ಎಂಜಿನಿಯರ್‌ಗೆ ತೋರಿಸದೆ ಸುತ್ತಿಗೆ ಮುಟ್ಟಬೇಡಿ.

ಹೊಸ್ತಿಲು ಒಂದಿಂಚು ಎತ್ತರವಿದ್ದರೆ ಒಂದಡಿ ಉದ್ದದ ಇಳಿಜಾರು ಬೇಕು. ಮೂರಿಂಚಿನ ಹಳೆಯ ಕಲ್ಲಿನ ಹೊಸ್ತಿಲಿಗೆ ಮೂರಡಿ. ಅಷ್ಟು ಜಾಗವಿಲ್ಲದಿದ್ದರೆ ಹೊಸ್ತಿಲನ್ನೇ ತೆಗೆಸಿ, ನೀರು ಹೊರಗೆ ಬರದಂತೆ ಬಾಗಿಲಿನುದ್ದಕ್ಕೆ ಜಾಲರಿಯ ಮೋರಿ ಕೊಡಿಸಬಹುದು.

6. ನೆಲ

ಒರಟು ಮೈಯ, ಒಂದಡಿಗೆ ಒಂದಡಿ ಅಥವಾ ಅದಕ್ಕಿಂತ ಚಿಕ್ಕ ಟೈಲ್ಸ್ ತೆಗೆದುಕೊಳ್ಳಿ. ಸಂದುಗೆರೆ ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ ಹೆಚ್ಚು. ಡಬ್ಬಿಯ ಮೇಲೆ R10 ಅಥವಾ R11 ಎಂದು ಇದೆಯೇ ನೋಡಿ. ಅದು ಜಾರದ ಗುಣದ ಅಳತೆ, ಅಂಕಿ ಹೆಚ್ಚಾದಷ್ಟು ಹಿಡಿತ ಜಾಸ್ತಿ. ಅಂಗಡಿಯಲ್ಲಿ ಟೈಲ್ಸ್ ಮೇಲೆ ಸೋಪಿನ ನೀರು ಹಾಕಿಸಿ ಬೆರಳಿಂದ ಒತ್ತಿ ಎಳೆದು ನೋಡಿ.

ಇಳಿಜಾರು ನಹಣಿ ಟ್ರ್ಯಾಪ್ ಕಡೆಗೆ, ಅಂದರೆ ಬಚ್ಚಲ ನೀರು ಹೋಗುವ ಜಾಲರಿಯ ಕಡೆಗೆ, ಎಂಟು ಅಡಿಗೆ ಒಂದರಿಂದ ಒಂದೂವರೆ ಇಂಚು. ಹೆಚ್ಚಾದರೆ ಸ್ನಾನದ ಕುರ್ಚಿ ವಾಲುತ್ತದೆ, ಕಡಿಮೆಯಾದರೆ ನೀರು ನಿಂತು ಪಾಚಿ ಕಟ್ಟುತ್ತದೆ. ವಾಟರ್‌ಪ್ರೂಫಿಂಗ್ ಮುಗಿದ ಮೇಲೆ, ಟೈಲ್ಸ್ ಹಾಕುವ ಮುಂಚೆ, ಜಾಲರಿ ಮುಚ್ಚಿ 24ರಿಂದ 48 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಲೇಬೇಕು. ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರ ಚಾವಣಿಯನ್ನೂ ಆಗ ನೋಡಿಬನ್ನಿ.

ಬಣ್ಣದ ಮಾತೂ ಇಲ್ಲಿದೆ. ಕಣ್ಣಿನ ಪೊರೆ ಇರುವವರಿಗೆ ಬಿಳಿ ನೆಲದ ಮೇಲಿನ ಬಿಳಿ ಕಮೋಡ್ ಕಾಣುವುದೇ ಇಲ್ಲ. ಕಮೋಡಿನ ಸೀಟು ಗಾಢ ಬಣ್ಣದ್ದಾಗಿರಲಿ, ನೆಲ ಮತ್ತು ಗೋಡೆ ಬೇರೆ ಬೇರೆ ಬಣ್ಣದಲ್ಲಿರಲಿ.

7. ಬಿಸಿನೀರು, ಕರೆಂಟು, ಕರೆಗಂಟೆ

ವಯಸ್ಸಾದವರ ಚರ್ಮ ತೆಳು, ಬಿಸಿ ತಡವಾಗಿ ತಿಳಿಯುತ್ತದೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ, ಸೋಲಾರ್ ನೀರು ಅಷ್ಟು ಬಿಸಿ ಇರುವುದು ಸಾಮಾನ್ಯ. ತಣ್ಣೀರು ಮೊದಲು, ಬಿಸಿ ಆಮೇಲೆ ಎಂಬ ಅಭ್ಯಾಸ ಮಾಡಿಸಿ. ಶಾಖವನ್ನು ತಾನೇ ತಡೆಹಿಡಿಯುವ ಥರ್ಮೋಸ್ಟ್ಯಾಟಿಕ್ ಮಿಕ್ಸರ್ ₹6,000ದಿಂದ ಮೇಲಕ್ಕೆ. ಮರೆವಿನ ಕಾಯಿಲೆ ಇರುವವರ ಮನೆಗೆ ಅದು ಬೇಕೇ ಬೇಕು.

ಶಾಕ್ ತಡೆಯುವ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಚಲನೆಗೆ ತಾನೇ ಹತ್ತುವ ರಾತ್ರಿ ದೀಪ ಹಾಸಿಗೆಯಿಂದ ಬಚ್ಚಲವರೆಗಿನ ದಾರಿಗೂ ಬೇಕು. ಬ್ಯಾಟರಿಯ ಕರೆಗಂಟೆಯನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಅಂಟಿಸಿ. ಬಿದ್ದವರ ಕೈ ಎಟುಕುವುದು ಅಲ್ಲಿಗೆ ಮಾತ್ರ.

8. ಒಂದು ಪೂರ್ತಿ ಲೆಕ್ಕ

ಐದಡಿ-ಏಳಡಿ ಬಾತ್‌ರೂಮ್. ನೆಲ 35 ಚದರಡಿ, ಗೋಡೆಯ ಬುಡದ ಒಂದಡಿ ಸೇರಿ 56 ಚದರಡಿ. ಮೇಲಿನ ಗೋಡೆ ಟೈಲ್ಸ್ ಹಾಗೇ ಇರುತ್ತದೆ.

ಒಡೆಯುವುದು, ಡೆಬ್ರಿ ಸಾಗಣೆ: ₹10,000
ಪ್ಲಂಬಿಂಗ್, ಕೂಲಿ ಸೇರಿ: ₹14,000
ವಾಟರ್‌ಪ್ರೂಫಿಂಗ್: ₹5,000
ಟೈಲ್ಸ್ 62 ಚದರಡಿ (ಶೇ. 10 ಹೆಚ್ಚುವರಿ ಸೇರಿ): ₹4,000
ಟೈಲ್ಸ್ ಕೂಲಿ, ಸಿಮೆಂಟ್, ಮರಳು: ₹8,400
ಕಮೋಡ್, ಫ್ಲಶ್ ಟ್ಯಾಂಕ್: ₹11,000
ಬಾಗಿಲು ಅಗಲ ಮಾಡಿ ಹೊಸ ಚೌಕಟ್ಟು, ಬಾಗಿಲು, ಲಿಂಟಲ್: ₹22,000
ಗೋಡೆಯ ಗ್ರ್ಯಾಬ್ ಬಾರ್ ಎರಡು, ಮಡಚುವುದು ಒಂದು, ಬಿಗಿಯುವ ಕೂಲಿ: ₹9,500
ಹ್ಯಾಂಡ್ ಶವರ್, ಮಿಕ್ಸರ್, ಜೆಟ್ ಸ್ಪ್ರೇ: ₹7,500
ಆರ್‌ಸಿಸಿಬಿ, ದೀಪ, ಕರೆಗಂಟೆ: ₹6,000
ಸ್ನಾನದ ಕುರ್ಚಿ: ₹2,500

ಒಟ್ಟು ₹99,900. ಇದರ ಮೇಲೆ ₹15,000 ಬೇರೆ ಎತ್ತಿಡಿ. ನೆಲ ಅಗೆದಾಗ ಒಡೆದ ಹಳೆಯ ಪೈಪು ಸಿಗುವುದು ಸಾಮಾನ್ಯ. ಬಾತ್‌ರೂಮಿನ ಸ್ಲ್ಯಾಬ್ ಉಳಿದ ಕೋಣೆಗಳಿಗಿಂತ ತಗ್ಗಾಗಿರುವ ಅಪಾರ್ಟ್‌ಮೆಂಟ್ ಆದರೆ ಒಳಗೆ ತುಂಬಿದ ಮಣ್ಣು, ಇಟ್ಟಿಗೆ ಚೂರು ತೆಗೆದು ಅಡಿಯ ವಾಟರ್‌ಪ್ರೂಫಿಂಗ್ ಹೊದಿಕೆಯನ್ನೂ ಮತ್ತೆ ಮಾಡಬೇಕಾದೀತು. ಹಣ ಸಾಲದಿದ್ದರೆ ಟೈಲ್ಸ್, ಮಿಕ್ಸರ್‌ನಲ್ಲಿ ಕಡಿಮೆ ಮಾಡಿ. ವಾಟರ್‌ಪ್ರೂಫಿಂಗ್, ಗ್ರ್ಯಾಬ್ ಬಾರ್‌ನಲ್ಲಿ ಬೇಡ.

ಬಿಪಿಎಲ್ ಕುಟುಂಬದ ಅಥವಾ ಕಡಿಮೆ ಆದಾಯದ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ವಾಕರ್, ಗಾಲಿಕುರ್ಚಿ, ಕಮೋಡ್ ಕುರ್ಚಿಯಂಥ ಸಾಧನಗಳು ಉಚಿತವಾಗಿ ಸಿಗುತ್ತವೆ. ಗಾರೆ ಕೆಲಸಕ್ಕೆ ಅದರಿಂದ ಹಣ ಬರುವುದಿಲ್ಲ.

9. ಕೆಲಸ ಒಪ್ಪಿಸುವಾಗ

ಅಪಾರ್ಟ್‌ಮೆಂಟ್ ಆದರೆ ಸಂಘದ, ಬಾಡಿಗೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ. ಕೂಲಿ ಬೇರೆ, ಸಾಮಾನು ಬೇರೆ ಎಂದು ಎಸ್ಟಿಮೇಟ್ ಬರೆಸಿ. "ಬಾತ್‌ರೂಮ್ ರಿಪೇರಿ, ಒಟ್ಟು ಇಷ್ಟು" ಎಂಬ ಒಂದು ಸಾಲಿನ ಲೆಕ್ಕ ಒಪ್ಪಬೇಡಿ, ನೀರು ನಿಲ್ಲಿಸುವ ಪರೀಕ್ಷೆ ಬಿಟ್ಟುಹೋಗುವುದು ಅಂಥ ಕಡೆಯೇ. ಕೆಲಸಕ್ಕೆ ಎಂಟರಿಂದ ಹತ್ತು ದಿನ ಬೇಕು. ಮನೆಯಲ್ಲಿ ಇನ್ನೊಂದು ಶೌಚಾಲಯ ಇಲ್ಲದಿದ್ದರೆ ಅಷ್ಟು ದಿನಕ್ಕೆ ಹಾಸಿಗೆ ಪಕ್ಕ ಇಡುವ ಕಮೋಡ್ ಕುರ್ಚಿ ಮೊದಲೇ ತಂದಿಡಿ (₹1,800ರಿಂದ ₹4,500).

ಕೊನೆಯ ಶೇ. 20ರಷ್ಟು ಹಣವನ್ನು ಒಂದು ವಾರ ಬಳಸಿ ನೋಡಿದ ಮೇಲೆ ಕೊಡಿ. ಆ ವಾರ ಹಿರಿಯರು ಕೂತು ಏಳುವಾಗ ಪಕ್ಕದಲ್ಲಿ ನಿಂತು ಅವರ ಕೈ ಎಲ್ಲಿಗೆ ಚಾಚುತ್ತದೆ ನೋಡಿ. ಕೈ ನಲ್ಲಿಯನ್ನೋ ಬಾಗಿಲ ಹಿಡಿಯನ್ನೋ ಹಿಡಿಯುತ್ತಿದ್ದರೆ ಅಲ್ಲಿ ಇನ್ನೊಂದು ಸರಳು ಬೇಕು ಎಂದರ್ಥ. ಆಮೇಲೆ ಮೂರು ತಿಂಗಳಿಗೊಮ್ಮೆ ಗ್ರ್ಯಾಬ್ ಬಾರಿನ ತಿರುಪು, ಕುರ್ಚಿಯ ರಬ್ಬರ್ ಬುಡ ಪರೀಕ್ಷಿಸಿ. ಬಚ್ಚಲು ತೊಳೆಯಲು ಆ್ಯಸಿಡ್ ಬಳಸುವವರಿಗೆ ಸರಳುಗಳ ಮೇಲೆ ಬೀಳಿಸಬೇಡಿ ಎಂದು ಹೇಳಿಡಿ. 304 ಸ್ಟೀಲ್ ಕೂಡ ಆ್ಯಸಿಡ್‌ಗೆ ತಡೆಯುವುದಿಲ್ಲ.